ಉಸಿರನ್ನೂ ಬಿಡದ ಕಿವಿ: ಸ್ಟುಡಿಯೋ ಮೈಕ್‌ನ ಒಳಹೊರಗು

ಧ್ವನಿಮುದ್ರಣದ ಕೋಣೆಯಲ್ಲಿ ಗಾಯಕರ ಮುಂದೆ ನಿಲ್ಲಿಸುವ ಮೈಕ್ ಸಭೆ ಸಮಾರಂಭಗಳ ಮೈಕ್‌ನಂತೆ ಇರುವುದಿಲ್ಲ. ಅದನ್ನು ಯಾರೂ ಕೈಯಲ್ಲಿ ಹಿಡಿದು ಹಾಡುವುದಿಲ್ಲ. ರಬ್ಬರ್ ಪಟ್ಟಿಗಳ ಪುಟ್ಟ ತೊಟ್ಟಿಲಲ್ಲಿ ತೂಗುಹಾಕಿದ, ಗೇಣುದ್ದದ ಲೋಹದ ಕೊಳವೆ ಅದು. ಮೇಲ್ಭಾಗದಲ್ಲಿ ತಂತಿಬಲೆಯ ಮುಚ್ಚಳ, ಎದುರಿಗೆ ದುಂಡನೆಯ ಬಟ್ಟೆಯ ಪರದೆ. ಅದರ ಮುಂದೆ ನಿಂತವರು ಹಾಡಲು ಬಾಯಿ ತೆರೆಯುವ ಮುನ್ನ ಒಳಗೆಳೆದುಕೊಳ್ಳುವ ಉಸಿರು, ತುಟಿ ಬಿಡಿಸಿದಾಗಿನ ಸಣ್ಣ ಸಪ್ಪಳ, ಸೀರೆಯ ಸೆರಗು ಸರಿಸಿದ ಸದ್ದು ಎಲ್ಲವೂ ಅದಕ್ಕೆ ಕೇಳಿಸುತ್ತದೆ. ಧ್ವನಿ ತಂತ್ರಜ್ಞರು ಇದನ್ನು 'ಲಾರ್ಜ್ ಡಯಾಫ್ರಂ ಕಂಡೆನ್ಸರ್ ಮೈಕ್ರೋಫೋನ್' ಎಂದು ಕರೆಯುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ ದೊಡ್ಡ ಪೊರೆಯ ಕಂಡೆನ್ಸರ್ ಮೈಕ್.

ಒಂದು ಕಾಲಕ್ಕೆ ಬಾನುಲಿ ಕೇಂದ್ರ, ಚಿತ್ರರಂಗದ ಸ್ಟುಡಿಯೋಗಳಲ್ಲಷ್ಟೇ ಕಾಣಸಿಗುತ್ತಿದ್ದ ಈ ಸಾಧನ ಇಂದು ಸಾಮಾನ್ಯರ ಮನೆ ಹೊಕ್ಕಿದೆ. ಧ್ವನಿಪುಸ್ತಕ ಓದುವವರು, ಡಬ್ಬಿಂಗ್ ಕಲಾವಿದರು, ಪಾಡ್‌ಕಾಸ್ಟ್ ನಡೆಸುವವರು, ಮಕ್ಕಳ ಸಂಗೀತವನ್ನು ಮುದ್ರಿಸಬಯಸುವ ಪೋಷಕರು, ಊರ ಹಿರಿಯರ ಸೋಬಾನೆ ಪದಗಳನ್ನು ಉಳಿಸಿಕೊಳ್ಳಬೇಕೆಂಬ ಆಸಕ್ತರು, ಹೀಗೆ ಹಲವರು ಸಾವಿರಾರು ರೂಪಾಯಿ ತೆತ್ತು ಇದನ್ನು ಕೊಳ್ಳುತ್ತಿದ್ದಾರೆ. ಆದರೆ ಕೊಂಡವರಲ್ಲಿ ಅನೇಕರಿಗೆ ಮೊದಲ ದಿನವೇ ನಿರಾಸೆ ಕಾದಿರುತ್ತದೆ. ತಮ್ಮ ದನಿಗಿಂತ ಫ್ಯಾನಿನ ಸದ್ದೇ ಮುಂದಾಗಿ ಕೇಳುತ್ತದೆ. ಗೋಡೆಗೆ ಬಡಿದು ಬಂದ ಮಾರ್ದನಿ ಬಾವಿಯೊಳಗಿಂದ ಮಾತನಾಡಿದಂತೆ ಭಾಸವಾಗುತ್ತದೆ. ದೋಷ ಮೈಕ್‌ನದೇ, ಕೋಣೆಯದೇ, ಬಳಸಿದ ಕ್ರಮದ್ದೇ? ಉತ್ತರ ಕಂಡುಕೊಳ್ಳಲು ಈ ಸಾಧನದ ಒಡಲೊಳಗೆ ಏನಿದೆ, ಅದು ಎಲ್ಲಿಂದ ಬಂತು ಎಂಬುದನ್ನು ತಿಳಿಯುವುದು ಅಗತ್ಯ.

ತುತ್ತೂರಿಯ ಕಾಲ

ಧ್ವನಿಮುದ್ರಣ ಆರಂಭವಾದಾಗ ಮೈಕ್ ಇರಲೇ ಇಲ್ಲ. ದೊಡ್ಡದೊಂದು ತುತ್ತೂರಿಯ ಬಾಯಿಗೆ ಮುಖವೊಡ್ಡಿ ಕಲಾವಿದರು ಗಟ್ಟಿಯಾಗಿ ಹಾಡಬೇಕಿತ್ತು. ದನಿಯ ಬಲವೇ ತುತ್ತೂರಿಯ ಕಿರಿದಾದ ತುದಿಯಲ್ಲಿದ್ದ ಪೊರೆಯನ್ನು ನಡುಗಿಸಿ, ಅದಕ್ಕೆ ಅಂಟಿದ ಮುಳ್ಳಿನಿಂದ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕೋಲ್ಕತ್ತಾದಲ್ಲಿ ಗೌಹರ್ ಜಾನ್ ಅವರ ಹಾಡುಗಾರಿಕೆಯನ್ನು ಮುದ್ರಿಸಿಕೊಂಡದ್ದು ಹೀಗೆಯೇ. ಸುಮಾರು ಮೂರು ನಿಮಿಷದಲ್ಲಿ ರಾಗವನ್ನು ಮುಗಿಸಿ, ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳುತ್ತಿದ್ದರು. ಜರ್ಮನಿಯ ಹ್ಯಾನೋವರ್‌ನಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಹಾಡಿದವರು ಯಾರೆಂದು ಗೊತ್ತಾಗಲಿ ಎಂಬುದು ಅದರ ಉದ್ದೇಶ. ಇದೇ ಗೌಹರ್ ಜಾನ್ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಸ್ಥಾನ ಕಲಾವಿದೆಯಾಗಿ 1928ರಲ್ಲಿ ಮೈಸೂರಿಗೆ ಬಂದರು. 1930ರ ಜನವರಿಯಲ್ಲಿ ಅಲ್ಲಿಯೇ ಕೊನೆಯುಸಿರೆಳೆದರು.

ತುತ್ತೂರಿಗೆ ಮೆಲುದನಿ ಕೇಳಿಸುತ್ತಿರಲಿಲ್ಲ. ತಂಬೂರಿಯ ಝೇಂಕಾರ, ಪಿಸುಮಾತು, ಗಮಕದ ಸೂಕ್ಷ್ಮ ಎಳೆಗಳು ಅದರಲ್ಲಿ ನಿಲ್ಲುತ್ತಿರಲಿಲ್ಲ. ಗಟ್ಟಿ ಗಂಟಲಿನವರಿಗಷ್ಟೇ ಒಲಿದ ಯಂತ್ರವದು. ಟೆಲಿಫೋನಿನಲ್ಲಿ ಬಳಕೆಯಲ್ಲಿದ್ದ ಇಂಗಾಲದ ಹರಳುಗಳ ಮೈಕ್ ವಿದ್ಯುತ್ ಸಂಕೇತವನ್ನೇನೋ ಕೊಡುತ್ತಿತ್ತು, ಆದರೆ ಜೊತೆಗೆ ಸದಾ ಚರಪರ ಸದ್ದನ್ನೂ ಬೆರೆಸುತ್ತಿತ್ತು.

ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯ ವಿಜ್ಞಾನಿ ಎಡ್ವರ್ಡ್ ವೆಂಟ್ 1916ರಲ್ಲಿ ಬೇರೊಂದು ದಾರಿ ಹಿಡಿದರು. ಅವರು ರೂಪಿಸಿದ ಮೈಕ್‌ನಲ್ಲಿ ಇಂಗಾಲದ ಹರಳೂ ಇರಲಿಲ್ಲ, ಅಯಸ್ಕಾಂತವೂ ಇರಲಿಲ್ಲ. ಎರಡು ಲೋಹದ ಫಲಕಗಳು, ಅವುಗಳ ನಡುವೆ ಕೂದಲೆಳೆಯಷ್ಟು ಗಾಳಿ. ಇಂದಿನ ಸ್ಟುಡಿಯೋ ಮೈಕ್‌ಗಳ ಮೂಲಪುರುಷ ಇದೇ. 1925ರ ಹೊತ್ತಿಗೆ ಧ್ವನಿಮುದ್ರಣ ಕಂಪನಿಗಳು ತುತ್ತೂರಿಯನ್ನು ಬಿಟ್ಟು ವಿದ್ಯುತ್ ಮುದ್ರಣಕ್ಕೆ ಹೊರಳಿದವು. ಗಂಟಲು ಹರಿಯುವಂತೆ ಕೂಗದೆಯೂ ಹಾಡಬಹುದೆಂಬ ಕಾಲ ಬಂತು.

ಒಡಲೊಳಗೆ ಏನಿದೆ?

ವೇದಿಕೆಯ ಮೇಲೆ ಬಳಸುವ ಸಾಮಾನ್ಯ ಮೈಕ್ 'ಡೈನಮಿಕ್' ಜಾತಿಯದು. ಅದರ ಪೊರೆಯ ಹಿಂದೆ ತಂತಿಯ ಸುರುಳಿಯೊಂದು ಅಂಟಿಕೊಂಡಿರುತ್ತದೆ. ದನಿ ಬಡಿದಾಗ ಸುರುಳಿ ಅಯಸ್ಕಾಂತದ ನಡುವೆ ಹಿಂದೆ ಮುಂದೆ ಸರಿದು ವಿದ್ಯುತ್ತನ್ನು ಹುಟ್ಟಿಸುತ್ತದೆ. ಗಟ್ಟಿಮುಟ್ಟಾದ ವಿಧಾನ. 1966ರಲ್ಲಿ ಬಂದ ಶೂರ್ ಎಸ್‌ಎಂ 58 ಇಂದಿಗೂ ವೇದಿಕೆಗಳನ್ನು ಆಳುತ್ತಿರುವುದು ಈ ಗಟ್ಟಿತನದಿಂದಲೇ. ಆದರೆ ಪೊರೆಯ ಜೊತೆಗೆ ಸುರುಳಿಯ ಭಾರವೂ ಅಲುಗಬೇಕಾದ್ದರಿಂದ ಅತಿ ಸೂಕ್ಷ್ಮವಾದ, ಅತಿ ವೇಗದ ಕಂಪನಗಳು ಅದರಲ್ಲಿ ಸ್ವಲ್ಪ ಮಂಕಾಗುತ್ತವೆ.

ಕಂಡೆನ್ಸರ್ ಮೈಕ್‌ನಲ್ಲಿ ಇಂತಹ ಹೊರೆ ಇಲ್ಲ. ಚಿನ್ನದ ಲೇಪವಿರುವ ಪ್ಲಾಸ್ಟಿಕ್ ಪೊರೆಯೊಂದನ್ನು ಡೋಲಿನ ಚರ್ಮದಂತೆ ಬಿಗಿದು ಕಟ್ಟಿರುತ್ತಾರೆ. ಈ ಪೊರೆಯ ದಪ್ಪ ಸುಮಾರು 6 ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪದ ಹತ್ತನೇ ಒಂದು ಭಾಗ. ಅದರ ಹಿಂದೆ, ಮಿಲಿಮೀಟರಿನ ಕೆಲವೇ ಶತಾಂಶಗಳಷ್ಟು ಅಂತರದಲ್ಲಿ, ಸಣ್ಣ ಸಣ್ಣ ರಂಧ್ರಗಳಿರುವ ಲೋಹದ ಹಿಂಬದಿ ಫಲಕ ಸ್ಥಿರವಾಗಿ ಕುಳಿತಿರುತ್ತದೆ. ಪೊರೆ ಮತ್ತು ಫಲಕ ಸೇರಿ ಒಂದು ಕೆಪಾಸಿಟರ್ ಆಗುತ್ತದೆ. ಕೆಪಾಸಿಟರಿಗೆ ಹಿಂದೆ ಇದ್ದ ಹೆಸರೇ ಕಂಡೆನ್ಸರ್. ಮೈಕ್‌ಗೆ ಆ ಹೆಸರು ಅಂಟಿ ಉಳಿದುಕೊಂಡಿತು.

ಈ ಜೋಡಿಗೆ ಹೊರಗಿನಿಂದ ಸುಮಾರು 60 ವೋಲ್ಟ್‌ನಷ್ಟು ವಿದ್ಯುತ್ ಕೊಟ್ಟು ಆವೇಶ ತುಂಬುತ್ತಾರೆ. ದನಿಯ ಅಲೆ ಬಡಿದಾಗ ಪೊರೆ ಅಲುಗುತ್ತದೆ, ಫಲಕದೊಂದಿಗಿನ ಅಂತರ ಹೆಚ್ಚು ಕಡಿಮೆಯಾಗುತ್ತದೆ. ತುಂಬಿದ ಆವೇಶ ಅಷ್ಟೇ ಇದ್ದು ಅಂತರ ಬದಲಾದಾಗ ವೋಲ್ಟೇಜ್ ಬದಲಾಗಲೇಬೇಕು. ಈ ಏರಿಳಿತವೇ ದನಿಯ ವಿದ್ಯುತ್ ರೂಪ. ಆದರೆ ಈ ಸಂಕೇತ ಎಷ್ಟು ದುರ್ಬಲವೆಂದರೆ ನೇರವಾಗಿ ತಂತಿಗೆ ಹರಿಸಿದರೆ ದಾರಿಯಲ್ಲೇ ಸೊರಗಿಹೋಗುತ್ತದೆ. ಅದಕ್ಕಾಗಿ ಮೈಕ್‌ನ ಒಡಲಲ್ಲೇ ನಿರ್ವಾತ ನಳಿಕೆ ಅಥವಾ ಟ್ರಾನ್ಸಿಸ್ಟರ್ ಇರಿಸಿ ಸಂಕೇತಕ್ಕೆ ದೂರ ಸಾಗುವ ಬಲ ಕೊಡುತ್ತಾರೆ. ಕಂಡೆನ್ಸರ್ ಮೈಕ್‌ಗೆ ವಿದ್ಯುತ್ ಬೇಕಾಗುವುದು ಈ ಎರಡು ಕಾರಣಗಳಿಂದ. ಪೊರೆಗೆ ಆವೇಶ ಕೊಡಬೇಕು, ಒಳಗಿನ ಮಂಡಲವನ್ನೂ ನಡೆಸಬೇಕು.

ಬರ್ಲಿನ್‌ನ ಕಾರ್ಖಾನೆ

ಗೌಹರ್ ಜಾನ್ ಮೈಸೂರಿಗೆ ಬಂದ ಅದೇ 1928ರಲ್ಲಿ ಬರ್ಲಿನ್ ನಗರದಲ್ಲಿ ಗಿಯೋರ್ಗ್ ನಾಯ್ಮನ್ ಎಂಬ ತಂತ್ರಜ್ಞ ಸಣ್ಣದೊಂದು ಕಾರ್ಖಾನೆ ತೆರೆದರು. ಅಲ್ಲಿಂದ ಹೊರಬಂದ 'ಸಿಎಂವಿ 3' ಜಗತ್ತಿನಲ್ಲೇ ಸಾಲುಸಾಲಾಗಿ ತಯಾರಾದ ಮೊದಲ ಕಂಡೆನ್ಸರ್ ಮೈಕ್. ಆಕಾರ ನೋಡಿ ಜನ ಅದನ್ನು 'ನಾಯ್ಮನ್ ಬಾಟಲಿ' ಎಂದೇ ಕರೆದರು. ಸುಮಾರು 3 ಕಿಲೋ ತೂಗುತ್ತಿದ್ದ ಆ ಬಾಟಲಿ 1936ರ ಬರ್ಲಿನ್ ಒಲಿಂಪಿಕ್ಸ್‌ನ ಪ್ರಸಾರದಲ್ಲಿಯೂ ಬಳಕೆಯಾಯಿತು.

ಎರಡನೆಯ ಮಹಾಯುದ್ಧದ ವೇಳೆ, 1943ರಲ್ಲಿ, ಬಾಂಬ್ ದಾಳಿಗೆ ಸಿಲುಕಿ ಕಾರ್ಖಾನೆ ಹಾನಿಗೀಡಾಯಿತು. ಯಂತ್ರಗಳನ್ನು ತುರಿಂಗಿಯಾ ಪ್ರಾಂತ್ಯದ ಗೆಫೆಲ್ ಎಂಬ ಪುಟ್ಟ ಊರಿಗೆ ಸಾಗಿಸಲಾಯಿತು. ಯುದ್ಧ ಮುಗಿದಾಗ ಆ ಊರು ಸೋವಿಯತ್ ವಲಯಕ್ಕೆ ಸೇರಿಹೋಯಿತು. ನಾಯ್ಮನ್ ಪಶ್ಚಿಮ ಬರ್ಲಿನ್‌ನಲ್ಲಿ ಮತ್ತೆ ಆರಂಭದಿಂದ ಕಟ್ಟಬೇಕಾಯಿತು. ಹೀಗೆ ಒಂದೇ ಬೇರಿನಿಂದ ಎರಡು ಸಂಸ್ಥೆಗಳು ಬೆಳೆದವು. ಗೆಫೆಲ್‌ನ ಶಾಖೆ ಇಂದಿಗೂ ಬೇರೆಯೇ ಹೆಸರಿನಲ್ಲಿ ಮೈಕ್ ತಯಾರಿಸುತ್ತಿದೆ.

1949ರಲ್ಲಿ ಬಂದ ನಾಯ್ಮನ್ 'ಯು 47' ಸ್ಟುಡಿಯೋ ಲೋಕದ ದಿಕ್ಕನ್ನೇ ಬದಲಿಸಿತು. ಒಂದು ಸ್ವಿಚ್ ತಿರುಗಿಸಿದರೆ ಎಲ್ಲ ದಿಕ್ಕಿನ ದನಿಯನ್ನೂ, ಇನ್ನೊಂದೆಡೆ ತಿರುಗಿಸಿದರೆ ಎದುರಿನ ದನಿಯನ್ನು ಮಾತ್ರವೂ ಅದು ಹಿಡಿಯುತ್ತಿತ್ತು. ಅಮೆರಿಕದ ಗಾಯಕ ಫ್ರಾಂಕ್ ಸಿನಾತ್ರಾ ಅವರ ಕ್ಯಾಪಿಟಲ್ ಸಂಸ್ಥೆಯ ಮುದ್ರಣಗಳಲ್ಲಿ, ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಬೀಟಲ್ಸ್ ತಂಡದ ಹಾಡುಗಳಲ್ಲಿ ಈ ಮೈಕ್‌ನ ದನಿ ಇದೆ. ಗಾಯಕರು ಕಿವಿಯ ಪಕ್ಕದಲ್ಲೇ ನಿಂತು ಹಾಡಿದಂತೆ ಕೇಳುವ ಆಪ್ತತೆ ಜನರ ಅಭಿರುಚಿಯ ಭಾಗವಾದದ್ದು ಆ ದಶಕಗಳಲ್ಲೇ.

ಆದರೆ ಯು 47ಕ್ಕೆ ಜೀವ ಕೊಡುತ್ತಿದ್ದ 'ವಿಎಫ್ 14' ಎಂಬ ನಿರ್ವಾತ ನಳಿಕೆಯ ತಯಾರಿಕೆ ನಿಂತುಹೋಯಿತು. ಒಂದು ಬಿಡಿಭಾಗ ಸಿಗದೆ ಹೋದರೆ ಪ್ರಸಿದ್ಧ ಸಾಧನವೂ ಅನಾಥವಾಗುತ್ತದೆ ಎಂಬುದಕ್ಕೆ ಇದು ನಿದರ್ಶನ. 1960ರಲ್ಲಿ ಬೇರೆ ನಳಿಕೆ ಬಳಸಿದ 'ಯು 67' ಬಂತು. ಹೊತ್ತಿಗೆ ಗಾಯಕರು ಮೈಕ್‌ಗೆ ತೀರಾ ಹತ್ತಿರ ನಿಂತು ಹಾಡುವುದು ರೂಢಿಯಾಗಿತ್ತಾದ್ದರಿಂದ ತಗ್ಗಿನ ಸ್ವರಗಳ ಉಬ್ಬರವನ್ನು ಇಳಿಸುವ ಸ್ವಿಚ್ಚನ್ನೂ ಅದಕ್ಕೆ ಅಳವಡಿಸಲಾಯಿತು. 1967ರಲ್ಲಿ ನಳಿಕೆಯ ಬದಲು ಟ್ರಾನ್ಸಿಸ್ಟರ್ ಹೊತ್ತ 'ಯು 87' ಮಾರುಕಟ್ಟೆಗೆ ಇಳಿಯಿತು. 1986ರಲ್ಲಿ ಅದರ ಸುಧಾರಿತ ರೂಪ 'ಯು 87 ಎಐ' ಬಂತು. ಅದು ಇಂದಿಗೂ ತಯಾರಾಗುತ್ತಿದೆ. 1976ರಲ್ಲಿ ಗಿಯೋರ್ಗ್ ನಾಯ್ಮನ್ ತೀರಿಕೊಂಡರು. 1991ರಲ್ಲಿ ಸಂಸ್ಥೆ ಜರ್ಮನಿಯ ಸೆನ್‌ಹೈಸರ್ ತೆಕ್ಕೆಗೆ ಸೇರಿತು.

ಇದೇ ಅವಧಿಯಲ್ಲಿ ಆಸ್ಟ್ರಿಯಾದ ವಿಯೆನ್ನಾ ನಗರದ ಎಕೆಜಿ ಸಂಸ್ಥೆ ನಾಯ್ಮನ್‌ಗೆ ಸರಿಸಾಟಿಯಾಗಿ ನಿಂತಿತ್ತು. ಅದರ 'ಸಿ 12' (1953), ನಂತರದ 'ಸಿ 414' ಮೈಕ್‌ಗಳಿಗೆ ತಮ್ಮದೇ ಅಭಿಮಾನಿ ಬಳಗವಿದೆ. ವಿಯೆನ್ನಾದ ಎಕೆಜಿ ಘಟಕ 2017ರಲ್ಲಿ ಮುಚ್ಚಿದಾಗ ಅಲ್ಲಿದ್ದ ತಂತ್ರಜ್ಞರು ಕೈಕಟ್ಟಿ ಕೂರದೆ ಆಸ್ಟ್ರಿಯನ್ ಆಡಿಯೋ ಎಂಬ ಹೊಸ ಸಂಸ್ಥೆ ಕಟ್ಟಿದರು.

ನಾರ್ವೆಯ ಕತ್ತಲೆ ಮತ್ತು 48 ವೋಲ್ಟ್

ಮನೆಯಲ್ಲಿ ಮೈಕ್ ಜೋಡಿಸುವವರು ಧ್ವನಿ ಪೆಟ್ಟಿಗೆಯ ಮೇಲೆ '48 ವೋಲ್ಟ್' ಎಂದು ಬರೆದ ಗುಂಡಿಯನ್ನು ಕಂಡಿರುತ್ತಾರೆ. ಅದನ್ನು ಒತ್ತದಿದ್ದರೆ ಮೈಕ್ ಮೂಕವಾಗಿರುತ್ತದೆ. 50 ಅಲ್ಲ, 45 ಅಲ್ಲ, 48 ಏಕೆ? ಈ ಸಂಖ್ಯೆಯ ಹಿಂದೆ ಸ್ವಾರಸ್ಯದ ಸಂಗತಿಯಿದೆ.

ನಳಿಕೆಯ ಮೈಕ್‌ಗಳಿಗೆ ಪ್ರತ್ಯೇಕ ವಿದ್ಯುತ್ ಪೆಟ್ಟಿಗೆ, ದಪ್ಪನೆಯ ವಿಶೇಷ ಕೇಬಲ್ ಬೇಕಿದ್ದವು. ಟ್ರಾನ್ಸಿಸ್ಟರ್ ಬಂದ ಮೇಲೆ ಅಷ್ಟು ವಿದ್ಯುತ್ ಬೇಕಾಗಲಿಲ್ಲ. 1966ರಲ್ಲಿ ನಾಯ್ಮನ್ ಸಂಸ್ಥೆ ತನ್ನ ಹೊಸ ಮೈಕ್‌ಗಳನ್ನು ನಾರ್ವೆಯ ಬಾನುಲಿಗೆ ಒದಗಿಸುವಾಗ, ದನಿ ಹರಿಯುವ ತಂತಿಯಲ್ಲೇ ವಿದ್ಯುತ್ತನ್ನೂ ಕಳುಹಿಸುವ ಏರ್ಪಾಟು ಮಾಡಬೇಕಾಯಿತು. ಚಳಿಗಾಲದಲ್ಲಿ ದೀರ್ಘಕಾಲ ಕತ್ತಲು ಕವಿಯುವ ಆ ನಾಡಿನ ಸ್ಟುಡಿಯೋಗಳಲ್ಲಿ ತುರ್ತು ದೀಪಗಳಿಗಾಗಿ 48 ವೋಲ್ಟ್ ವಿದ್ಯುತ್ ಮೊದಲೇ ಇತ್ತು. ಅದನ್ನೇ ಬಳಸಿಕೊಂಡರು. ಆ ಸಂಖ್ಯೆಯೇ ಮುಂದೆ ಜಗತ್ತಿಗೆಲ್ಲ ಮಾನದಂಡವಾಯಿತು. ಕಣ್ಣಿಗೆ ಕಾಣದೆ ದನಿಯ ತಂತಿಯಲ್ಲೇ ಅಡಗಿ ಬರುವುದರಿಂದ ಇದಕ್ಕೆ 'ಫ್ಯಾಂಟಮ್ ಪವರ್', ಅಂದರೆ ಭೂತವಿದ್ಯುತ್ ಎಂಬ ಹೆಸರು ಬಂತು. ದಾವಣಗೆರೆಯ ಕೋಣೆಯೊಂದರಲ್ಲಿ ಈ ಹೊತ್ತು ಯಾರೋ ಒತ್ತುತ್ತಿರಬಹುದಾದ ಗುಂಡಿಯ ಹಿಂದೆ ನಾರ್ವೆಯ ಚಳಿಗಾಲದ ಕತ್ತಲೆಯಿದೆ.

ದೊಡ್ಡ ಪೊರೆಯೇ ಏಕೆ?

ಪೊರೆಯ ಅಡ್ಡಳತೆ ಸುಮಾರು ಒಂದು ಅಂಗುಲ ಅಥವಾ ಹೆಚ್ಚಿದ್ದರೆ ಅದನ್ನು ದೊಡ್ಡ ಪೊರೆಯ ಮೈಕ್ ಎನ್ನುವುದು ವಾಡಿಕೆ. ಪೆನ್ಸಿಲಿನಂತೆ ಸಪೂರವಾಗಿರುವ ಕಂಡೆನ್ಸರ್ ಮೈಕ್‌ಗಳಲ್ಲಿ ಪೊರೆ ಚಿಕ್ಕದು. ದೊಡ್ಡದಿದ್ದರೆ ಹೆಚ್ಚು ನಿಖರ ಎಂಬ ನಂಬಿಕೆ ವ್ಯಾಪಕವಾಗಿದೆಯಾದರೂ ಸತ್ಯ ಅದಕ್ಕೆ ವಿರುದ್ಧವಾಗಿದೆ.

ದೊಡ್ಡ ಪೊರೆಗೆ ಹೆಚ್ಚು ದನಿ ತಾಗುತ್ತದೆ. ಹೀಗಾಗಿ ಸಂಕೇತ ಬಲವಾಗಿ ಬರುತ್ತದೆ, ಒಳಗಿನ ಮಂಡಲದ ಸ್ವಂತ ಗುಂಯ್‌ಗುಡುವಿಕೆ ಅದರೆದುರು ಹಿಂದೆ ಸರಿಯುತ್ತದೆ. ಇದು ಲಾಭ. ಆದರೆ 13,700 ಹರ್ಟ್ಜ್ ಆಸುಪಾಸಿನ ಏರು ದನಿಯ ಅಲೆಯ ಉದ್ದವೇ ಸುಮಾರು ಒಂದು ಅಂಗುಲ. ಪೊರೆಯಷ್ಟೇ ಗಾತ್ರದ ಅಲೆ ಓರೆಯಾಗಿ ಬಂದಾಗ ಪೊರೆಯ ಒಂದಂಚಿಗೆ ಉಬ್ಬು, ಇನ್ನೊಂದಂಚಿಗೆ ತಗ್ಗು ತಾಗಿ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಆದ್ದರಿಂದ ಪಕ್ಕದಿಂದ ಬರುವ ಏರು ದನಿಗಳನ್ನು ದೊಡ್ಡ ಪೊರೆ ಸ್ವಲ್ಪ ಬದಲಿಸಿಯೇ ಹಿಡಿಯುತ್ತದೆ. ನಿಖರತೆಯೇ ಮುಖ್ಯವಾದಲ್ಲಿ, ಉದಾಹರಣೆಗೆ ವಾದ್ಯವೃಂದವನ್ನು ದೂರದಿಂದ ಮುದ್ರಿಸುವಾಗ, ಚಿಕ್ಕ ಪೊರೆಯದೇ ಮೇಲುಗೈ. ಎದುರಿಗೆ ನಿಂತ ಒಬ್ಬರ ಕಂಠಕ್ಕೆ ಮಾತ್ರ ದೊಡ್ಡ ಪೊರೆ ಕೊಡುವ ತುಂಬು ಗುಣ ಹಿತವಾಗುತ್ತದೆ.

ಇನ್ನೊಂದು ಅನುಕೂಲವೂ ಉಂಟು. ಯು 87ರಂತಹ ಮೈಕ್‌ಗಳಲ್ಲಿ ಹಿಂದೊಂದು ಮುಂದೊಂದು ಹೀಗೆ ಎರಡು ಪೊರೆಗಳಿರುತ್ತವೆ. ಮುಂದಿನದಕ್ಕೆ ಮಾತ್ರ ಆವೇಶ ಕೊಟ್ಟರೆ ಮೈಕ್ ಎದುರಿನ ದನಿಯನ್ನು ಹಿಡಿದು ಬೆನ್ನ ಹಿಂದಿನದನ್ನು ಬಿಡುತ್ತದೆ. ಎರಡಕ್ಕೂ ಸಮಾನವಾಗಿ ಕೊಟ್ಟರೆ ಸುತ್ತಲಿನದೆಲ್ಲವನ್ನೂ ಹಿಡಿಯುತ್ತದೆ. ಹಿಂದಿನದಕ್ಕೆ ವಿರುದ್ಧ ಆವೇಶ ಕೊಟ್ಟರೆ ಮುಂದಿನ ಮತ್ತು ಹಿಂದಿನ ದನಿಗಳನ್ನು ಹಿಡಿದು ಎರಡು ಪಕ್ಕಗಳಿಗೆ ಕಿವುಡಾಗುತ್ತದೆ. ಇಬ್ಬರು ಎದುರುಬದುರು ಕುಳಿತು ಸಂವಾದ ನಡೆಸುವ ಬಾನುಲಿ ನಾಟಕಕ್ಕೆ ಕೊನೆಯ ಬಗೆ ಹೇಳಿ ಮಾಡಿಸಿದಂತಹುದು.

ಬೆಲೆಗೂ ಗುಣಕ್ಕೂ ಇರುವ ನಂಟು

ಯು 87 ಎಐ ಕೊಳ್ಳಲು ಭಾರತದಲ್ಲಿ ಲಕ್ಷಗಟ್ಟಲೆ ರೂಪಾಯಿ ಬೇಕು. ಅದರ ಸ್ವಂತ ಸದ್ದು 12 ಡೆಸಿಬೆಲ್. ಪೂರ್ಣ ಮೌನದ ಕೋಣೆಯಲ್ಲಿ ಇಟ್ಟರೂ ಅಷ್ಟು ಸಣ್ಣ ಗುಂಯ್‌ಗುಡುವಿಕೆ ಮೈಕ್‌ನಿಂದಲೇ ಹೊರಡುತ್ತದೆ ಎಂದು ಇದರರ್ಥ. ಆಸ್ಟ್ರೇಲಿಯಾದ ರೋಡ್ ಸಂಸ್ಥೆಯ 'ಎನ್‌ಟಿ 1 ಎ' ಮೈಕ್‌ನ ಬೆಲೆ ಇದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಅದರ ಸ್ವಂತ ಸದ್ದು ಕೇವಲ 5 ಡೆಸಿಬೆಲ್. ಹಾಗಾದರೆ ಲಕ್ಷ ಕೊಟ್ಟವರು ಮೋಸ ಹೋದರೇ? ಹಾಗಲ್ಲ. ಬಗೆಬಗೆಯ ಕಂಠಗಳಿಗೆ ಹೊಂದಿಕೊಳ್ಳುವ ಗುಣ, ಮೂರು ಬಗೆಯ ಗ್ರಹಣ, ಒಂದು ಮೈಕ್‌ಗೂ ಇನ್ನೊಂದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತೆ ಕಾಪಾಡುವ ತಯಾರಿಕೆ, ದಶಕಗಳ ನಂತರವೂ ಸಿಗುವ ರಿಪೇರಿ, ಇವುಗಳಿಗೆ ದೊಡ್ಡ ಸ್ಟುಡಿಯೋಗಳು ಹಣ ತೆರುತ್ತವೆ. ದಿನಕ್ಕೆ ಹತ್ತು ಜನ ಹಾಡುವ ಕಡೆ ಆ ಹಣ ಮರಳಿ ಬರುತ್ತದೆ. ಒಬ್ಬರೇ ಹಾಡುವ ಮನೆಯಲ್ಲಿ ಹಾಸಿಗೆ ಇದ್ದಷ್ಟು ಕಾಲು ಚಾಚುವುದೇ ಜಾಣತನ.

ಇನ್ನೊಂದು ತುದಿಯಲ್ಲಿ, ಸಾವಿರ ಎರಡು ಸಾವಿರ ರೂಪಾಯಿಗೆ 'ಸ್ಟುಡಿಯೋ ಕಂಡೆನ್ಸರ್' ಎಂಬ ಹಣೆಪಟ್ಟಿಯೊಂದಿಗೆ ಮಾರಾಟವಾಗುವ ಮೈಕ್‌ಗಳಿವೆ. ಹೊರಗಿನ ಮೈಕಟ್ಟು ಥೇಟ್ ಬರ್ಲಿನ್‌ನದು. ತಂತಿಬಲೆ ಬಿಚ್ಚಿ ನೋಡಿದರೆ ಅವುಗಳಲ್ಲಿ ಹಲವುದರ ಒಳಗಿರುವುದು ಗುಂಡಿಯಷ್ಟು ಗಾತ್ರದ ಎಲೆಕ್ಟ್ರೆಟ್ ಬಿಲ್ಲೆ. ಎಲೆಕ್ಟ್ರೆಟ್ ಎಂದರೆ ತನ್ನಲ್ಲೇ ಶಾಶ್ವತವಾಗಿ ಆವೇಶ ಹಿಡಿದಿಟ್ಟುಕೊಂಡ ವಸ್ತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ 1962ರಲ್ಲಿ ಅಭಿವೃದ್ಧಿಪಡಿಸಿದ ಈ ವಿಧಾನ ಸ್ವತಃ ಕಳಪೆಯಲ್ಲ. ನಿಖರ ಅಳತೆಗೆ ಬಳಸುವ ಮೈಕ್‌ಗಳಲ್ಲೂ ಅದಿದೆ. ದೊಡ್ಡ ಪೊರೆಯೆಂದು ನಂಬಿಸಿ ಸಣ್ಣದನ್ನು ಕೊಡುವುದಷ್ಟೇ ವಂಚನೆ. ಕೊಳ್ಳುವ ಮುನ್ನ ತಂತಿಬಲೆಯ ಮೇಲೆ ಟಾರ್ಚ್ ಬೆಳಕು ಹಾಯಿಸಿ ಒಳಗೆ ಅಂಗುಲದಗಲದ ಚಿನ್ನದ ಬಣ್ಣದ ತಟ್ಟೆ ಕಾಣುತ್ತದೆಯೇ ಎಂದು ನೋಡುವುದು, ಸ್ವಂತ ಸದ್ದಿನ ಅಂಕಿಯನ್ನು ತಯಾರಕರು ನಮೂದಿಸಿದ್ದಾರೆಯೇ ಎಂದು ಪರಿಶೀಲಿಸುವುದು ಕ್ಷೇಮ. ಹೆಸರಾಂತ ಮೈಕ್‌ಗಳ ನಕಲುಗಳೂ ಚಲಾವಣೆಯಲ್ಲಿವೆ. ನಂಬಲಾಗದಷ್ಟು ಕಡಿಮೆ ಬೆಲೆಗೆ ಯು 87 ಸಿಗುತ್ತದೆ ಎಂದಾದರೆ ನಂಬದಿರುವುದೇ ಲೇಸು.

ಕೋಣೆಯೇ ಅರ್ಧ ಮೈಕ್

ಈಗ ಆರಂಭದ ಪ್ರಶ್ನೆಗೆ ಬರಬಹುದು. ಸೀಲಿಂಗ್ ಫ್ಯಾನ್ ತಿರುಗುವ ಕೋಣೆಯಲ್ಲಿ ಸದ್ದು 40 ಡೆಸಿಬೆಲ್ ದಾಟುವುದು ಸಾಮಾನ್ಯ. ಎಲ್ಲ ಆರಿಸಿ ರಾತ್ರಿ ಮುದ್ರಿಸಲು ಕುಳಿತರೂ 30 ಡೆಸಿಬೆಲ್‌ಗಿಂತ ಕೆಳಗೆ ಇಳಿಯುವುದು ಊರ ನಡುವಿನ ಮನೆಗಳಲ್ಲಿ ಕಷ್ಟ. 12ಕ್ಕೂ 30ಕ್ಕೂ ನಡುವಿನ ವ್ಯತ್ಯಾಸ, ಶಬ್ದಶಕ್ತಿಯ ಲೆಕ್ಕದಲ್ಲಿ, 60 ಪಟ್ಟಿಗೂ ಹೆಚ್ಚು. ಅಂದರೆ ಮೈಕ್‌ನ ಸ್ವಂತ ಸದ್ದು 12 ಇದ್ದರೇನು, 5 ಇದ್ದರೇನು, ಕೋಣೆಯ ಸದ್ದಿನಲ್ಲಿ ಎರಡೂ ಮುಳುಗಿಹೋಗುತ್ತವೆ. ದುಬಾರಿ ಮೈಕ್ ತಂದಷ್ಟೂ ಪಕ್ಕದ ಮನೆಯ ಕುಕ್ಕರ್ ಸೀಟಿ ಸ್ಪಷ್ಟವಾಗುತ್ತದೆ ಅಷ್ಟೆ.

ಹೊರಗಿನ ಸದ್ದು ಒಂದು ಸಮಸ್ಯೆಯಾದರೆ ಒಳಗಿನ ಮಾರ್ದನಿ ಇನ್ನೊಂದು. ಎರಡಕ್ಕೂ ಮದ್ದು ಬೇರೆ ಬೇರೆ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಸದ್ದು ನಿಲ್ಲುತ್ತದೆ ಎಂಬ ನಂಬಿಕೆ ಅನೇಕರಲ್ಲಿದೆ. ಅದು ಹುಸಿ. ಹೊರಗಿನ ಸದ್ದನ್ನು ತಡೆಯಲು ಭಾರವಾದ ಗೋಡೆ, ಬಿರುಕಿಲ್ಲದ ಬಾಗಿಲು ಬೇಕು. ತೆಳ್ಳನೆಯ ಸ್ಪಂಜು ಏರು ದನಿಯ ಮಾರ್ದನಿಯನ್ನಷ್ಟೇ ಹೀರುತ್ತದೆ. ಮನೆಯಲ್ಲೇ ಇರುವ ದಪ್ಪ ಕೌದಿ, ಹತ್ತಿಯ ಹಾಸಿಗೆ, ಬಟ್ಟೆ ತುಂಬಿದ ಬೀರು, ಪುಸ್ತಕದ ಕಪಾಟು ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ಎದುರಿನ ದನಿಯನ್ನು ಮಾತ್ರ ಹಿಡಿಯುವ ಮೈಕ್ ಹಾಡುವವರತ್ತ, ಅವರ ಬೆನ್ನ ಹಿಂದಿನ ಗೋಡೆಯತ್ತ ಮುಖ ಮಾಡಿರುತ್ತದೆ. ಆದ್ದರಿಂದ ಕೌದಿಯನ್ನು ಮೊದಲು ತೂಗುಹಾಕಬೇಕಾದ್ದು ಹಾಡುವವರ ಬೆನ್ನ ಹಿಂದೆ. ಕಿಟಕಿ, ಕಂಪ್ಯೂಟರಿನಂತಹ ಸದ್ದಿನ ಮೂಲಗಳು ಮೈಕ್‌ನ ಬೆನ್ನ ಕಡೆಗೆ ಬರುವಂತೆ ನಿಲ್ಲಿಸಿದರೆ ಅರ್ಧ ತೊಂದರೆ ತಪ್ಪುತ್ತದೆ.

ದೂರದ ಲೆಕ್ಕವೂ ಮುಖ್ಯ. ಬಾಯಿಂದ ಮೈಕ್‌ಗೆ ಇರುವ ಅಂತರ ಇಮ್ಮಡಿಯಾದರೆ ನೇರ ದನಿ 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯ ಮಾರ್ದನಿ ಮಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ತೀರಾ ಹತ್ತಿರ ಹೋದರೆ ತಗ್ಗಿನ ಸ್ವರಗಳು ಉಬ್ಬಿ ದನಿ ಗವ್ವೆನ್ನುತ್ತದೆ. ಒಂದು ಗೇಣು ಅಂತರ ಬಹುಪಾಲು ಕಂಠಗಳಿಗೆ ಸರಿಹೊಂದುತ್ತದೆ. ಮತ್ತೊಂದು ಸಾಮಾನ್ಯ ತಪ್ಪೆಂದರೆ ಮೈಕ್‌ನ ನೆತ್ತಿಗೆ ಬಾಯಿಟ್ಟು ಮಾತನಾಡುವುದು. ಈ ಬಗೆಯ ಮೈಕ್‌ಗಳಲ್ಲಿ ಹೆಚ್ಚಿನವು ಪಕ್ಕದಿಂದ ಕೇಳಿಸಿಕೊಳ್ಳುತ್ತವೆ. ತಯಾರಕರ ಗುರುತು ಇರುವ ಬದಿಯೇ ಸಾಮಾನ್ಯವಾಗಿ ಮುಂಭಾಗ.

ಕನ್ನಡಕ್ಕೆ ವಿಶೇಷವಾದ ಒಂದು ಸವಾಲೂ ಇದೆ. ಪ, ಫ, ಬ, ಭ ಅಕ್ಷರಗಳನ್ನು ಉಚ್ಚರಿಸುವಾಗ ತುಟಿಗಳಿಂದ ಗಾಳಿ ಸಿಡಿಯುತ್ತದೆ. ಮಹಾಪ್ರಾಣಗಳಲ್ಲಂತೂ ಅದರ ರಭಸ ಇನ್ನೂ ಹೆಚ್ಚು. ಆ ಗಾಳಿ ಪೊರೆಗೆ ಬಡಿದರೆ 'ಧಡ್' ಎಂಬ ಸದ್ದು ಮುದ್ರಣವಾಗುತ್ತದೆ. 'ಭಾಗ್ಯ', 'ಫಲ' ಎಂಬ ಪದಗಳನ್ನು ಸ್ಪಷ್ಟವಾಗಿ ನುಡಿಯಬಲ್ಲವರೇ ಈ ತೊಂದರೆಗೆ ಹೆಚ್ಚು ಸಿಲುಕುವುದು ವಿಪರ್ಯಾಸ. ಬಾಯಿಗೂ ಮೈಕ್‌ಗೂ ನಡುವೆ ನಿಲ್ಲಿಸುವ ಬಟ್ಟೆಯ ಪರದೆ ಈ ಗಾಳಿಯನ್ನು ಒಡೆಯುತ್ತದೆ. ಸ, ಶ, ಷ ಅಕ್ಷರಗಳ ಸೀಟಿ ಹೆಚ್ಚಾಗಿದ್ದರೆ ಮೈಕ್‌ನ್ನು ಬಾಯಿಗೆ ತುಸು ಓರೆಯಾಗಿ ತಿರುಗಿಸಿದರೆ ಸಾಕು. ಪದವನ್ನೇ ಮೆತ್ತಗೆ ಮಾಡಿ ಉಚ್ಚಾರಣೆ ಕೆಡಿಸಿಕೊಳ್ಳಬೇಕಾಗಿಲ್ಲ.

ತೇವ, ಧೂಳು ಮತ್ತು 'ಹಲೋ ಟೆಸ್ಟಿಂಗ್'

ಕಂಡೆನ್ಸರ್ ಮೈಕ್‌ನ ದೊಡ್ಡ ಶತ್ರು ತೇವ. ಪೊರೆ ಮತ್ತು ಫಲಕದ ನಡುವಿನ ಆವೇಶ ಸೋರದಂತೆ ತಡೆಯುವ ಅವಾಹಕ ಭಾಗದ ಮೇಲೆ ತೇವ ಕೂತರೆ ಆವೇಶ ಸೋರಿ ಚಟಪಟ ಸದ್ದು ಬರತೊಡಗುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇದು ನಿಜವಾದ ಅಪಾಯ. ಬಳಸಿದ ನಂತರ ಮೈಕ್‌ನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುವುದು ಸರಳ ಪರಿಹಾರ. ಸ್ಟ್ಯಾಂಡಿನ ಮೇಲೇ ಬಿಡುವುದಾದರೆ ಬಟ್ಟೆ ಅಥವಾ ಚೀಲ ಮುಚ್ಚಬೇಕು, ಏಕೆಂದರೆ ಆವೇಶವಿರುವ ಪೊರೆ ಧೂಳನ್ನು ತನ್ನತ್ತ ಸೆಳೆಯುತ್ತದೆ.

ಸಮಾರಂಭಗಳಲ್ಲಿ ಮೈಕ್ ಕೈಗೆ ಬಂದೊಡನೆ 'ಫೂ' ಎಂದು ಊದಿ, ಬೆರಳಿನಿಂದ ಕುಟ್ಟಿ, 'ಹಲೋ ಟೆಸ್ಟಿಂಗ್' ಎನ್ನುವ ಅಭ್ಯಾಸ ಎಲ್ಲೆಡೆ ಇದೆ. ಡೈನಮಿಕ್ ಮೈಕ್ ಅದನ್ನು ಸಹಿಸಿಕೊಳ್ಳುತ್ತದೆ. ತಲೆಗೂದಲಿನ ಹತ್ತನೇ ಒಂದು ಭಾಗದಷ್ಟು ತೆಳ್ಳಗಿನ ಪೊರೆಗೆ ಆ ಊದುವಿಕೆಯೇ ಬಿರುಗಾಳಿ, ಅದರೊಂದಿಗಿನ ಎಂಜಲಿನ ಹನಿಯೇ ಮಳೆ. ಸುಮ್ಮನೆ ಮಾತನಾಡಿದರೆ ಸಾಕು, ಮೈಕ್ ಕೆಲಸ ಮಾಡುತ್ತಿದೆಯೇ ಇಲ್ಲವೇ ಎಂಬುದು ಗೊತ್ತಾಗುತ್ತದೆ. ಪೊರೆಯ ಮೇಲೆ ಧೂಳು ಕಂಡರೂ ಮನೆಯಲ್ಲಿ ಒರೆಸುವ ಸಾಹಸ ಕೂಡದು. ಅದು ನುರಿತವರ ಕೆಲಸ.

ಯಾರಿಗೆ ಯಾವುದು?

ಸದ್ದುಗದ್ದಲದ ಕೋಣೆಯಲ್ಲಿ ಮಾತು ಮಾತ್ರ ಮುದ್ರಿಸುವವರಿಗೆ ಹತ್ತಿರದಿಂದ ಬಳಸುವ ಡೈನಮಿಕ್ ಮೈಕ್ ಒಳ್ಳೆಯದು. ಅದರ ಕಿವಿ ಅಷ್ಟು ಚುರುಕಾಗಿಲ್ಲದಿರುವುದೇ ಅಲ್ಲಿ ವರವಾಗುತ್ತದೆ. ಕೋಣೆಯನ್ನು ಹದಗೊಳಿಸಬಲ್ಲವರು, ಕಂಠದ ಸೂಕ್ಷ್ಮಗಳನ್ನು ಉಳಿಸಬಯಸುವವರು ಮಧ್ಯಮ ಬೆಲೆಯ ದೊಡ್ಡ ಪೊರೆಯ ಕಂಡೆನ್ಸರ್ ಮೈಕ್ ಕೊಂಡರೆ ನಿರಾಸೆಯಾಗದು. ಕೈಯಲ್ಲಿರುವ ಹಣವನ್ನೆಲ್ಲ ಮೈಕ್‌ಗೆ ಸುರಿಯುವ ಬದಲು ಒಂದು ಪಾಲನ್ನು ದಪ್ಪ ಪರದೆ, ಗಟ್ಟಿ ಸ್ಟ್ಯಾಂಡ್, ಒಳ್ಳೆಯ ಕೇಬಲ್ ಮತ್ತು ಹೆಡ್‌ಫೋನಿಗೆ ಮೀಸಲಿಡುವುದು ವಿವೇಕ.

ಹಳ್ಳಿಯ ಹಿರಿಯರ ಪದಗಳನ್ನು ಮುದ್ರಿಸಲು ಹೊರಟವರಂತೂ ಒಳ್ಳೆಯ ಮೈಕ್ ಸಿಗಲಿ ಎಂದು ಕಾಯುತ್ತ ಕೂರಬಾರದು. ಹಾಡುವ ಅಜ್ಜಿಯನ್ನು ಬೀದಿಯಿಂದ ದೂರದ ನಡುಮನೆಯಲ್ಲಿ ಕೂರಿಸಿ, ಫ್ಯಾನ್ ಆರಿಸಿ, ಗೋಡೆಗೊಂದು ಕೌದಿ ಇಳಿಬಿಟ್ಟು, ಇರುವ ಮೈಕ್‌ನ್ನು ಒಂದು ಗೇಣು ದೂರದಲ್ಲಿ ಇಟ್ಟರೆ ಮುದ್ರಣ ಕೇಳುವಂತಿರುತ್ತದೆ. ಲಕ್ಷದ ಮೈಕ್ ಮುಂದಿನ ವರ್ಷವೂ ಅಂಗಡಿಯಲ್ಲಿ ಸಿಗುತ್ತದೆ. ಆ ದನಿ ಸಿಗುತ್ತದೆಯೇ ಹೇಳಲಾಗದು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಹಿರಿಯರ ನುಡಿ. 1902ರಲ್ಲಿ ತುತ್ತೂರಿಯ ಮುಂದೆ ಗಂಟಲೆತ್ತಿ ತಮ್ಮ ಹೆಸರನ್ನು ಕೂಗಿದ ಗೌಹರ್ ಜಾನ್ ಅವರ ದನಿ, ಚರಪರ ಸದ್ದಿನ ನಡುವೆಯೂ, ಇಂದಿಗೂ ಕೇಳಿಸುತ್ತದೆ. ಅಂದಿಗೆ ಸಿಕ್ಕಿದ್ದ ಸಾಧನ ಅಷ್ಟೇ. ಆದರೂ ಯಾರೋ ಮುದ್ರಿಸಿಕೊಂಡಿದ್ದರಿಂದ ಅದು ಉಳಿಯಿತು.